ಡಬ್ಬದ ಮೇಲೆ 4 ಇಂಚು, ಹಿಚ್ ಹತ್ತಿರ 2 ಇಂಚು: ಎತ್ತರಿಸಿದ ಗಾಡಿಗೆ ಟ್ರೈಲರ್ ಹಿಚ್ ಆರಿಸುವ ಲೆಕ್ಕ

ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಬಂದ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 4 ಇಂಚು ಅಂತ ಬರೆದಿತ್ತು. ಅದರ ಜೊತೆಗೆ ಟೈರ್ ಕೂಡ 31 ಇಂಚಿನಿಂದ 33ಕ್ಕೆ ಬದಲಾಗಿತ್ತು. ಅದಕ್ಕೆ ಮುಂಚೆ ನನ್ನ ಪಿಕಪ್‌ಗೆ, ಟ್ರೈಲರ್ ಕಟ್ಟುವ ಹಿಚ್‌ನಲ್ಲಿ, 2 ಇಂಚು ಡ್ರಾಪ್ (ಇಳಿತ) ಇರುವ ಬಾಲ್ ಮೌಂಟ್ ಸರಿಯಾಗಿ ಹೊಂದುತ್ತಿತ್ತು. ಎರಡಕ್ಕೆ ನಾಲ್ಕು ಸೇರಿಸಿದೆ, ಟೈರಿನ ಎರಡು ಸೇರಿಸಿದೆ, ಎಂಟಾಯಿತು. ಅಷ್ಟೇ ಅಲ್ವಾ ಅಂದುಕೊಂಡು 8 ಇಂಚು ಡ್ರಾಪ್ ತಂದು ಸಿಕ್ಕಿಸಿದೆ. ಮೊದಲ ಇಳಿಜಾರು ಮುಗಿದು ಗಾಡಿ ಸಮತಟ್ಟಾದ ರಸ್ತೆಗೆ ಬಂತೋ ಇಲ್ಲವೋ, ಹಿಂದಿನಿಂದ ಕರ್ರ್ ಅಂತ ಸದ್ದು. ಇಳಿದು ನೋಡಿದರೆ ಟ್ರೈಲರ್ ಮೂತಿಯ ಕೆಳಗಿರುವ ಜಾಕಿನ ಕಾಲು ರಸ್ತೆಯ ಮೇಲೆ ಒಂದು ಮಾರುದ್ದ ಬಿಳಿ ಗೆರೆ ಎಳೆದಿತ್ತು.

ತಪ್ಪು ಯಾರದ್ದೂ ಅಲ್ಲ, ನನ್ನದೇ. ನನಗೆ ಬೇಕಿದ್ದದ್ದು 5 ಇಂಚು ಡ್ರಾಪ್. ಮೂರು ಇಂಚು ಎಲ್ಲಿಂದ ಜಾಸ್ತಿ ಬಂತು ಅನ್ನುವುದನ್ನು ಬಿಡಿಸಿ ಹೇಳಿದರೆ ಈ ವಿಷಯದ ಅರ್ಧ ಭಾಗ ಮುಗಿಯುತ್ತದೆ. ಉಳಿದ ಅರ್ಧ, ಡ್ರಾಪ್‌ನ ಒಂದೊಂದು ಇಂಚಿಗೂ ಹಿಚ್ ಏನು ಬೆಲೆ ತೆರುತ್ತದೆ ಅನ್ನುವುದು.

ಮೊದಲು ಹೆಸರುಗಳು. ಗಾಡಿಯ ಹಿಂದೆ ಚಾಸಿಗೆ ಬೋಲ್ಟ್ ಮಾಡಿರುವ ಚೌಕಾಕಾರದ ಕೊಳವೆಗೆ ರಿಸೀವರ್ ಅನ್ನುತ್ತಾರೆ. ಅದರೊಳಗೆ ತೂರುವ ಕಬ್ಬಿಣದ ತುಂಡು ಬಾಲ್ ಮೌಂಟ್. ಬಾಲ್ ಮೌಂಟಿನಲ್ಲಿ ಕೊಳವೆಯೊಳಗೆ ಹೋಗುವ ಭಾಗ ಶ್ಯಾಂಕ್. ಹೊರಗಿರುವ ತಟ್ಟೆಯಂಥ ಜಾಗದ ಮೇಲೆ ಬಾಲ್ ಕೂರುತ್ತದೆ. ಟ್ರೈಲರ್ ಮೂತಿಯ ತುದಿಯಲ್ಲಿ ಆ ಬಾಲನ್ನು ಬಾಯಿಗೆ ಹಾಕಿಕೊಳ್ಳುವ ಟೋಪಿಯಂಥದ್ದು ಕಪ್ಲರ್. ತಟ್ಟೆ ಶ್ಯಾಂಕ್‌ಗಿಂತ ಕೆಳಗಿದ್ದರೆ ಅದು ಡ್ರಾಪ್, ಮೇಲಿದ್ದರೆ ರೈಸ್. ಎತ್ತರಿಸಿದ ಗಾಡಿಗೆ ಹೆಚ್ಚೂಕಡಿಮೆ ಯಾವಾಗಲೂ ಡ್ರಾಪ್ ಬೇಕಾಗುತ್ತದೆ. ಡ್ರಾಪ್ ಅಳೆಯುವುದು ಶ್ಯಾಂಕ್‌ನ ಮೇಲಂಚಿನಿಂದ ತಟ್ಟೆಯ ಮೇಲ್ಮೈವರೆಗೆ. ಶ್ಯಾಂಕ್‌ನ ಕೆಳಗಿನಿಂದಲೋ ತಟ್ಟೆಯ ತಳದವರೆಗೋ ಅಳೆದು ಒಂದೆರಡು ಇಂಚು ಎಡವುವವರು ಬೇಕಾದಷ್ಟು ಜನ ಇದ್ದಾರೆ.

ಟ್ರೈಲರ್ ಮಟ್ಟವಾಗಿ ಯಾಕಿರಬೇಕು

ಎತ್ತಿನ ಗಾಡಿಗೆ ಹೇರು ತುಂಬಿದವರಿಗೆ ಇದು ಗೊತ್ತು. ಭಾರ ಹಿಂದೆ ಸರಿದರೆ ಮೂಕಿ ಮೇಲೇಳುತ್ತದೆ, ಮುಂದೆ ಸರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೈಲರ್ ಕೂಡ ಹಾಗೇ. ಅದರ ಮೂತಿ ಬಾಲ್ ಮೇಲೆ ಒತ್ತುವ ಭಾರಕ್ಕೆ ಟಂಗ್ ವೆಯ್ಟ್ ಅನ್ನುತ್ತಾರೆ. ಬಾಲ್ ಮೇಲೆ ಕೂರುವ ಸಾಮಾನ್ಯ ಟ್ರೈಲರ್‌ಗಳಿಗೆ ಅಮೆರಿಕದಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಲಿ ಅನ್ನುತ್ತಾರೆ. ಯುರೋಪಿನಲ್ಲಿ ಇದಕ್ಕಿಂತ ಕಡಿಮೆ ಇಡುವ ರೂಢಿ. ಇದು ತೀರಾ ಕಡಿಮೆಯಾದರೆ ಟ್ರೈಲರ್ ನಾಯಿ ಬಾಲದ ಹಾಗೆ ಅತ್ತಿತ್ತ ಆಡತೊಡಗುತ್ತದೆ. ವೇಗ ಹೆಚ್ಚಿದಷ್ಟೂ ಆ ಓಲಾಟ ತಾನಾಗಿ ನಿಲ್ಲುವುದು ಕಷ್ಟ.

ಮೂತಿ ಎತ್ತಿಕೊಂಡ ಟ್ರೈಲರ್ ಅಪಾಯ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಅಪಾಯ ಅಂತ ಯಾರೂ ಲೆಕ್ಕ ಹಾಕಿ ತೋರಿಸುವುದಿಲ್ಲ. ಹಾಕೋಣ. 2,000 ಕೆಜಿ ಟ್ರೈಲರ್, ಒಂದೇ ಆಕ್ಸಲ್. ಆಕ್ಸಲ್‌ನಿಂದ ಬಾಲ್‌ವರೆಗೆ 4 ಮೀಟರ್. ಟಂಗ್ ವೆಯ್ಟ್ 200 ಕೆಜಿ. ಅಂದರೆ ತೂಕದ ನಡುಬಿಂದು ಆಕ್ಸಲ್‌ಗಿಂತ 40 ಸೆ.ಮೀ. ಮುಂದಿದೆ, ಆಕ್ಸಲ್‌ಗಿಂತ 1 ಮೀಟರ್ ಮೇಲಿದೆ ಅಂತಿಟ್ಟುಕೊಳ್ಳಿ. ಈಗ ಮೂತಿಯನ್ನು 15 ಸೆ.ಮೀ., ಅಂದರೆ 6 ಇಂಚು ಎತ್ತಿದರೆ ಟ್ರೈಲರ್ 2 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಹಿಂದಕ್ಕೆ ವಾಲುತ್ತದೆ. ನಡುಬಿಂದು ಸುಮಾರು 3.75 ಸೆ.ಮೀ. ಹಿಂದೆ ಸರಿಯುತ್ತದೆ. ಟಂಗ್ ವೆಯ್ಟ್ 200ರಿಂದ 181 ಕೆಜಿಗೆ ಇಳಿಯುತ್ತದೆ.

ಪ್ರಳಯವೇನೂ ಆಗಲಿಲ್ಲ, ಅಲ್ವಾ? ಒಂದೇ ಆಕ್ಸಲ್ ಇರುವ ಟ್ರೈಲರ್‌ನಲ್ಲಿ ಒಂದೆರಡು ಇಂಚು ಆಚೀಚೆ ಆದರೆ ನಿದ್ದೆಗೆಡಬೇಕಿಲ್ಲ. ಆದರೆ ಸಾಮಾನನ್ನು ಎತ್ತರಕ್ಕೆ ಪೇರಿಸಿದ್ದರೆ, ಅಥವಾ ಟಂಗ್ ವೆಯ್ಟ್ ಮೊದಲೇ ನೂರಕ್ಕೆ 8ರ ಆಸುಪಾಸಿನಲ್ಲಿದ್ದರೆ, ಈ 19 ಕೆಜಿ ಕೂಡ ದುಬಾರಿಯಾಗುತ್ತದೆ. ಜೊತೆಗೆ ಮೂತಿ ಎದ್ದರೆ ಬಾಲ ಕುಸಿಯುತ್ತದೆ. ತಗ್ಗಿನಿಂದ ರಸ್ತೆಗೆ ಹತ್ತುವಾಗ ಹಿಂಭಾಗ ನೆಲಕ್ಕೆ ಉಜ್ಜುತ್ತದೆ.

ಎರಡು ಆಕ್ಸಲ್ ಇದ್ದರೆ ಕಥೆಯೇ ಬೇರೆ. ಆಕ್ಸಲ್‌ಗಳ ನಡುವೆ 85 ಸೆ.ಮೀ. ಅಂತರ ಇದ್ದರೆ, ಅದೇ 15 ಸೆ.ಮೀ. ಎತ್ತುವಿಕೆಗೆ ಮುಂದಿನ ಆಕ್ಸಲ್ ಹಿಂದಿನದಕ್ಕಿಂತ 3 ಸೆ.ಮೀ. ಮೇಲೆ ಹೋಗುತ್ತದೆ. ಲೀಫ್ ಸ್ಪ್ರಿಂಗ್ ಇದ್ದು, ಎರಡು ಆಕ್ಸಲ್‌ಗಳ ನಡುವೆ ತಕ್ಕಡಿಯ ಹಾಗೆ ಆಡುವ ಈಕ್ವಲೈಸರ್ ತುಂಡು ಇದ್ದರೆ ಅದು ಭಾರವನ್ನು ಮತ್ತೆ ಹಂಚಿಕೊಡುತ್ತದೆ. ಆಮೇಲೂ ಆ ತುಂಡು ಒಂದು ಕಡೆಗೆ ಪೂರ್ತಿ ವಾಲಿಬಿಟ್ಟರೆ ಗುಂಡಿಗಳಲ್ಲಿ ಆಡಲು ಜಾಗ ಉಳಿಯುವುದಿಲ್ಲ. ಟಾರ್ಷನ್ ಆಕ್ಸಲ್ ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಅದರೊಳಗಿನ ರಬ್ಬರ್ ಒಟ್ಟು ಆಡುವುದೇ ಕೆಲವೇ ಸೆಂಟಿಮೀಟರ್. ಅದರಲ್ಲಿ 3 ಸೆ.ಮೀ. ವ್ಯತ್ಯಾಸ ಅಂದರೆ ಹಿಂದಿನ ಎರಡು ಟೈರು ಹೊರೆಯ ದೊಡ್ಡ ಪಾಲು ಹೊತ್ತು ಬಿಸಿಯಾಗುತ್ತವೆ. ಮುಂದಿನ ಎರಡು ಹಗುರಾಗಿ, ಬ್ರೇಕ್ ಒತ್ತಿದ ಕೂಡಲೇ ಉರುಳುವುದು ಬಿಟ್ಟು ಜಾರುತ್ತವೆ. ಟಾರ್ಷನ್ ಆಕ್ಸಲ್ ಜೋಡಿ ಇದ್ದವರು ಅರ್ಧ ಇಂಚಿಗೂ ತಲೆ ಕೆಡಿಸಿಕೊಳ್ಳುವುದು ತಪ್ಪಲ್ಲ.

ಇಲ್ಲಿ ಒಂದು ತಿರುವಿದೆ. ಇಂಥ ಟ್ರೈಲರ್‌ನ ಮೂತಿ ಎತ್ತಿದರೆ ಟಂಗ್ ವೆಯ್ಟ್ ಕಡಿಮೆ ಆಗುವ ಬದಲು ಜಾಸ್ತಿಯೇ ಆಗಬಹುದು. ಯಾಕಂದರೆ ಆಸರೆ ಹಿಂದಿನ ಆಕ್ಸಲ್ ಕಡೆಗೆ ಸರಿಯುತ್ತದೆ. ಹಾಗಾಗಿ ಜಾಕಿನ ಮೇಲೆ ಯಾವುದೋ ಎತ್ತರದಲ್ಲಿ ನಿಲ್ಲಿಸಿ ತೂಕ ನೋಡಿ ಪ್ರಯೋಜನವಿಲ್ಲ. ಎಳೆಯುವಾಗ ಯಾವ ಎತ್ತರದಲ್ಲಿರುತ್ತದೋ ಅದೇ ಎತ್ತರದಲ್ಲಿ ತೂಗಬೇಕು.

ಮೂತಿ ತಗ್ಗಿದರೆ? ಒಂದು ಇಂಚು ತಗ್ಗಿದ್ದರೆ ಒಳ್ಳೆಯದೇ. ಮಟ್ಟ ಸಿಗದಿದ್ದಾಗ ಏರುವುದಕ್ಕಿಂತ ತಗ್ಗುವುದನ್ನು ಆರಿಸಿ ಅನ್ನುವುದು ಹಳೆಯ ಮಾತು, ನಾನೂ ಅದನ್ನೇ ಹೇಳುತ್ತೇನೆ. ಆದರೆ ತೀರಾ ತಗ್ಗಿದರೆ ಜಾಕ್ ಉಜ್ಜುತ್ತದೆ, ನನಗಾದ ಹಾಗೆ. ಟ್ರೈಲರ್ ಒಳಗಿನ ಸಾಮಾನು ಮುಂದಕ್ಕೆ ಜಾರಲು ನೋಡುತ್ತದೆ. ಆಕ್ಸಲ್ ಎರಡಿದ್ದರೆ ಈ ಸಲ ಮುಂದಿನ ಟೈರುಗಳು ಸೋಲುತ್ತವೆ.

ಟೇಪು ಹಿಡಿದು ನೆಲಕ್ಕೆ ಮಂಡಿಯೂರಿ

ಅಳತೆಗೆ ಬೇಕಾದದ್ದು ಟೇಪು, ರಸಮಟ್ಟ ಮತ್ತು ಸಮತಟ್ಟಾದ ನೆಲ. ಮೂರರಲ್ಲಿ ಸಿಗುವುದು ಕಷ್ಟ ನೆಲವೇ. ನೀರು ಹರಿದುಹೋಗಲಿ ಅಂತ ಕಾಂಕ್ರೀಟ್ ಅಂಗಳಗಳಿಗೆಲ್ಲ ಒಂಚೂರು ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣದ ಇಳಿಜಾರು ಟ್ರೈಲರ್ ಉದ್ದಕ್ಕೆ ಎರಡು ಇಂಚಾಗಿರುತ್ತದೆ. ಅದಕ್ಕೇ ರಸಮಟ್ಟವನ್ನು ಟ್ರೈಲರ್ ಮೇಲೆ ಇಡುವುದಕ್ಕಿಂತ ಮುಂಚೆ ನೆಲದ ಮೇಲೆ ಇಟ್ಟು ನೋಡಿ.

ಟ್ರೈಲರ್‌ನಿಂದ ಶುರು ಮಾಡಿ. ಯಾವ ಹೊರೆ ಹೊತ್ತು ಹೋಗುತ್ತದೋ ಆ ಹೊರೆ ಅದರಲ್ಲಿರಲಿ. ಚಕ್ರಗಳಿಗೆ ಅಡ್ಡ ತುಂಡು ಕೊಡಿ. ಜಾಕ್ ತಿರುಗಿಸುತ್ತಾ ಚೌಕಟ್ಟಿನ ಕಬ್ಬಿಣದ ಮೇಲೆ ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಮೂತಿಯನ್ನು ಏರಿಸಿ ಇಳಿಸಿ. ಗುಳ್ಳೆ ನಂಬದಿದ್ದರೆ ಟೇಪು ನಂಬಿ. ಚೌಕಟ್ಟಿನ ಮುಂತುದಿಯಿಂದ ನೆಲಕ್ಕೆ, ಹಿಂತುದಿಯಿಂದ ನೆಲಕ್ಕೆ ಅಳೆಯಿರಿ. ಎರಡೂ ಒಂದೇ ಆದರೆ ಮಟ್ಟ. ಈಗ ನೆಲದಿಂದ ಕಪ್ಲರ್‌ನ ತಳದಂಚಿಗೆ ಅಳೆಯಿರಿ. ನನ್ನ ಟ್ರೈಲರ್‌ನಲ್ಲಿ ಅದು 17.5 ಇಂಚು.

ಇನ್ನು ಗಾಡಿ. ಟೈರಿನ ಗಾಳಿ ಸರಿಯಾಗಿರಲಿ. ರಿಸೀವರ್ ಬಾಯಿಯ ಒಳಗಿನ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಹೊರಗಿನ ಅಂಚಲ್ಲ, ಒಳಗಿನದು. ಯಾಕಂದರೆ ಶ್ಯಾಂಕ್ ಕೂರುವುದು ಒಳಗೆ. ಲಿಫ್ಟ್ ಮುಂಚೆ ನನ್ನ ಗಾಡಿಯಲ್ಲಿ ಇದು 20 ಇಂಚು ಇತ್ತು. ಲಿಫ್ಟ್ ಆದ ಮೇಲೆ 23.

20ರಿಂದ 23. ಬರೀ 3 ಇಂಚು! ಡಬ್ಬದ ಮೇಲಿನ 4 ಮತ್ತು ಟೈರಿನ 2 ಸೇರಿ 6 ಆಗಬೇಕಿತ್ತಲ್ಲ?

ಇಲ್ಲೇ ನಾನು ಬಿದ್ದದ್ದು. ಬಹಳಷ್ಟು ಪಿಕಪ್‌ಗಳ ಹಿಂಭಾಗ ಕಾರ್ಖಾನೆಯಿಂದಲೇ ಮುಂಭಾಗಕ್ಕಿಂತ ಎತ್ತರವಿರುತ್ತದೆ. ಹೊರೆ ಬಿದ್ದಾಗ ಮಟ್ಟಕ್ಕೆ ಬರಲಿ ಅಂತ. ಅದನ್ನು ಸರಿದೂಗಿಸಲು ಎಷ್ಟೋ ಕಿಟ್‌ಗಳು ಮುಂದೆ 4 ಇಂಚು ಎತ್ತಿ ಹಿಂದೆ 2 ಇಂಚು ಮಾತ್ರ ಎತ್ತುತ್ತವೆ. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದು ಮುಂದಿನ ಅಂಕಿಯನ್ನು. ಟೈರಿನದು ಇನ್ನೂ ಸರಳ. ಟೈರಿನ ಅಡ್ಡಳತೆ 2 ಇಂಚು ಹೆಚ್ಚಿದರೆ ಆಕ್ಸಲ್ ಏರುವುದು ಅರ್ಧ, ಅಂದರೆ 1 ಇಂಚು. ಉಳಿದ 1 ಇಂಚು ಆಕ್ಸಲ್‌ನ ಮೇಲ್ಗಡೆ ಇರುತ್ತದೆ. ಹೀಗೆ 2 ಮತ್ತು 1, ಒಟ್ಟು 3.

ಲಿಫ್ಟ್ ಅಂತ ಒಂದೇ ಹೆಸರಿಂದ ಕರೆದರೂ ಅದರಲ್ಲಿ ಜಾತಿಗಳಿವೆ. ಸಸ್ಪೆನ್ಷನ್ ಲಿಫ್ಟ್ ಚಾಸಿಯನ್ನೇ ಎತ್ತುತ್ತದೆ, ಹಾಗಾಗಿ ರಿಸೀವರ್ ಕೂಡ ಏರುತ್ತದೆ. ಬಾಡಿ ಲಿಫ್ಟ್‌ನಲ್ಲಿ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ಬಿಲ್ಲೆ ಇಟ್ಟು ಬಾಡಿಯನ್ನಷ್ಟೇ ಎತ್ತುತ್ತಾರೆ. ಚಾಸಿ ಇದ್ದಲ್ಲೇ ಇರುತ್ತದೆ, ರಿಸೀವರ್ ಕೂಡ. ಬಾಡಿ 3 ಇಂಚು ಎದ್ದಿದೆ ಅಂತ 3 ಇಂಚು ಡ್ರಾಪ್ ಜಾಸ್ತಿ ಹಾಕಿದರೆ ಕೆಟ್ಟಂತೆಯೇ. ಲೆವೆಲಿಂಗ್ ಕಿಟ್ ಮುಂಭಾಗವನ್ನು ಮಾತ್ರ ಎತ್ತುತ್ತದೆ. ರಿಸೀವರ್ ಗಾಡಿಯ ಹಿಂತುದಿಯಲ್ಲಿ, ಹಿಂದಿನ ಆಕ್ಸಲ್‌ಗಿಂತಲೂ ಆಚೆ ಇರುವುದರಿಂದ, ಮುಂಭಾಗ ಎದ್ದಾಗ ಅದು ಸ್ವಲ್ಪ ಕೆಳಗೇ ಹೋಗುತ್ತದೆ. ಇವೆಲ್ಲ ನೆನಪಿಟ್ಟುಕೊಳ್ಳಲು ಆಗದಿದ್ದರೆ ಬಿಡಿ. ಕಿಟ್‌ನ ಹೆಸರು ಏನೇ ಇರಲಿ, ಟೇಪು ಹೇಳಿದ್ದು ಲೆಕ್ಕ.

ಮತ್ತೊಂದು ಇಂಚು, ಮತ್ತೊಂದು ಕುಸಿತ

23ರಲ್ಲಿ 17.5 ಕಳೆದರೆ 5.5. ಅಂದರೆ 5.5 ಇಂಚು ಡ್ರಾಪ್. ಅಂಗಡಿಯಲ್ಲಿ 5 ಸಿಗುತ್ತದೆ, 6 ಸಿಗುತ್ತದೆ. ಯಾವುದು?

ಈ ಕಳೆಯುವ ಲೆಕ್ಕ ಎಲ್ಲ ಕಡೆ ಹೇಳುವಂಥದ್ದೇ. ಅದರಲ್ಲಿ ಎರಡು ವಿಷಯ ಬಿಟ್ಟುಹೋಗಿದೆ. ಒಂದು, ಕಪ್ಲರ್ ಬಂದು ತಟ್ಟೆಯ ಮೇಲೆ ಕೂರುವುದಿಲ್ಲ, ಬಾಲ್ ಮೇಲೆ ಕೂರುತ್ತದೆ. ಬಾಲಿಗೆ ಕುತ್ತಿಗೆ ಇದೆ. ಹಾಗಾಗಿ ಕಪ್ಲರ್‌ನ ತಳದಂಚು ತಟ್ಟೆಗಿಂತ ಸುಮಾರು 1 ಇಂಚು ಮೇಲೇ ನಿಲ್ಲುತ್ತದೆ. ಎರಡು, ಟ್ರೈಲರ್ ಭಾರ ಬಿದ್ದ ಕೂಡಲೇ ಗಾಡಿಯ ಹಿಂಭಾಗ ಕೂರುತ್ತದೆ. ಒಂದು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ ಅನ್ನುವ ನಂಬಿಕೆಯ ಮೇಲೆ ಆ ಸರಳ ಲೆಕ್ಕ ನಿಂತಿದೆ. ಮಾಮೂಲಿ ಗಾಡಿಗಳಲ್ಲಿ ಬಹಳ ಸಲ ಹಾಗೇ ಆಗುತ್ತದೆ ಕೂಡ.

ಎತ್ತರಿಸಿದ ಗಾಡಿಯಲ್ಲಿ ಅದನ್ನು ನಂಬಬೇಡಿ. ಕಿಟ್ ಜೊತೆ ಬರುವ ಸ್ಪ್ರಿಂಗ್ ಹಳೆಯದಕ್ಕಿಂತ ಗಟ್ಟಿ ಇರಬಹುದು, ಮೆದು ಇರಬಹುದು. ಕುಸಿತ ಎಷ್ಟು ಅಂತ ಅಳೆದೇ ತಿಳಿಯಬೇಕು. ದಾರಿ ಸುಲಭ. ಟ್ರೈಲರ್‌ನ ಟಂಗ್ ವೆಯ್ಟ್‌ನಷ್ಟು ಭಾರವನ್ನು ಗಾಡಿಯ ಹಿಂತುದಿಯಲ್ಲಿ ಇಡಿ. ಮರಳು ಚೀಲವೋ, ಜನರೋ, ಏನಾದರೂ ಸರಿ. ಪಯಣದಲ್ಲಿ ಗಾಡಿಯೊಳಗೆ ಇರುವ ಸಾಮಾನೂ ಇರಲಿ. ಮತ್ತೆ ರಿಸೀವರ್ ಎತ್ತರ ಅಳೆಯಿರಿ. ನನ್ನದರಲ್ಲಿ 23 ಇದ್ದದ್ದು 21.5ಕ್ಕೆ ಬಂತು. ಒಂದೂವರೆ ಇಂಚು ಕುಸಿತ.

ಈಗ 6 ಇಂಚು ಡ್ರಾಪ್ ಹಾಕಿದರೆ ತಟ್ಟೆ 15.5ರಲ್ಲಿ, ಕಪ್ಲರ್ ಅದಕ್ಕಿಂತ 1 ಇಂಚು ಮೇಲೆ, 16.5ರಲ್ಲಿ. ಬೇಕಾದ 17.5ಕ್ಕಿಂತ 1 ಇಂಚು ಕೆಳಗೆ. 5 ಇಂಚು ಹಾಕಿದರೆ ತಟ್ಟೆ 16.5, ಕಪ್ಲರ್ 17.5. ಗುರಿಗೆ ನೇರ. ನಾನು ಮೊದಲು ತಂದಿದ್ದ 8 ಇಂಚಿನಲ್ಲಿ ಕಪ್ಲರ್ 14.5ಕ್ಕೆ ಇಳಿದಿತ್ತು, ಮೂರು ಇಂಚು ಕೆಳಗೆ. ಇಳಿಜಾರಿನ ತಿರುವಿನಲ್ಲಿ ಜಾಕಿನ ಕಾಲು ನೆಲ ಮುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

5 ಮತ್ತು 6ರ ನಡುವೆ ಎರಡೂ ನಡೆಯುತ್ತದೆ ಅನ್ನುವ ಪರಿಸ್ಥಿತಿ ಬಂದರೆ ನಾನು 5ನ್ನೇ ತೆಗೆದುಕೊಳ್ಳುತ್ತೇನೆ. ಯಾಕೆ ಅನ್ನುವುದು ಇಡೀ ವಿಷಯದ ತಿರುಳು.

ಡ್ರಾಪ್ ಅಂದರೆ ಹಾರೆ

ಹಾರೆ ಉದ್ದ ಇದ್ದಷ್ಟೂ ಕಲ್ಲು ಸುಲಭವಾಗಿ ಮೀಟಬಹುದು. ಆಳದ ಡ್ರಾಪ್ ಹಿಚ್ ಕೂಡ ಒಂದು ಹಾರೆಯೇ. ಮೀಟುವುದು ಟ್ರೈಲರ್, ಕೀಳಿಸಿಕೊಳ್ಳುವುದು ನಿಮ್ಮ ರಿಸೀವರ್.

ಹತ್ತಿರದಿಂದ ನೋಡಿ. 2 ಇಂಚು ರಿಸೀವರ್‌ನಲ್ಲಿ ಶ್ಯಾಂಕ್‌ನ ನಡುಗೆರೆ ಅದರ ಮೇಲಂಚಿಗಿಂತ 1 ಇಂಚು ಕೆಳಗೆ. ಬಾಲಿನ ನಡುಭಾಗ ತಟ್ಟೆಗಿಂತ ಸುಮಾರು ಒಂದೂವರೆ ಇಂಚು ಮೇಲೆ. ಹಾಗಾಗಿ 2 ಇಂಚು ಡ್ರಾಪ್ ಇದ್ದರೆ ಬಾಲಿನ ನಡು ಹೆಚ್ಚೂಕಡಿಮೆ ರಿಸೀವರ್‌ನ ನಡುಗೆರೆಗೇ ಬರುತ್ತದೆ. ಎಳೆತ, ತಳ್ಳುವಿಕೆ ಎಲ್ಲ ಕೊಳವೆಯ ಉದ್ದಕ್ಕೇ ನೇರವಾಗಿ ಹೋಗುತ್ತದೆ, ತಿರುಚುವುದಿಲ್ಲ. 5 ಇಂಚು ಡ್ರಾಪ್‌ನಲ್ಲಿ ಬಾಲು ನಡುಗೆರೆಗಿಂತ ಸುಮಾರು ಎರಡೂವರೆ ಇಂಚು ಕೆಳಗೆ. 10 ಇಂಚು ಡ್ರಾಪ್‌ನಲ್ಲಿ ಏಳೂವರೆ ಇಂಚು ಕೆಳಗೆ. ಡ್ರಾಪ್ ಆದದ್ದು ಎರಡರಷ್ಟು, ಹಾರೆಯ ಉದ್ದ ಆದದ್ದು ಮೂರರಷ್ಟು.

ಈಗ ಬ್ರೇಕ್ ಒತ್ತಿ. ಟ್ರೈಲರ್‌ಗೂ ಬ್ರೇಕ್ ಇದೆ, ಆದರೂ ಅದು 400 ಕೆಜಿ ಬಲದಿಂದ ಗಾಡಿಯನ್ನು ಮುಂದಕ್ಕೆ ತಳ್ಳಿತು ಅಂತಿಟ್ಟುಕೊಳ್ಳೋಣ. 5 ಇಂಚು ಡ್ರಾಪ್‌ನಲ್ಲಿ ರಿಸೀವರ್ ಮೇಲೆ ಬೀಳುವ ತಿರುಚು ಬಲ ಸುಮಾರು 25 ಕೆಜಿ-ಮೀಟರ್. 10 ಇಂಚಿನಲ್ಲಿ ಸುಮಾರು 76. ಇಷ್ಟೇ ಅಲ್ಲ. ಟಂಗ್ ವೆಯ್ಟ್ ಬಾಲನ್ನು ಕೆಳಕ್ಕೆ ಒತ್ತುತ್ತಾ ಹಿಚ್ ಅನ್ನು ಸದಾ ಒಂದು ಕಡೆಗೆ ಬಗ್ಗಿಸುತ್ತಿರುತ್ತದೆ. ಬ್ರೇಕ್ ಹಾಕಿದಾಗ ಕೆಳಗಿರುವ ಬಾಲನ್ನು ಮುಂದಕ್ಕೆ ತಳ್ಳುವ ಬಲವೂ ಅದೇ ಕಡೆಗೆ ತಿರುಚುತ್ತದೆ. ಎರಡೂ ಕೂಡುತ್ತವೆ, ಕಳೆಯುವುದಿಲ್ಲ. ರಸ್ತೆ ಉಬ್ಬು ಕಂಡು ಜೋರಾಗಿ ಬ್ರೇಕ್ ಒತ್ತಿ, ಅದೇ ಹೊತ್ತಿಗೆ ಟ್ರೈಲರ್ ಮೂತಿ ಪುಟಿದು ಬಡಿದರೆ, ರಿಸೀವರ್‌ನ ಬೆಸುಗೆಗಳಿಗೆ ಅದಕ್ಕಿಂತ ಕೆಟ್ಟ ಗಳಿಗೆ ಬೇರೊಂದಿಲ್ಲ.

ಅದಕ್ಕೇ ತಯಾರಕರು ಒಂದೇ ಮಾದರಿಯಲ್ಲಿ ಡ್ರಾಪ್ ಜಾಸ್ತಿಯಾದ ಹಾಗೆ ಎಳೆಯುವ ಮಿತಿಯನ್ನು ಇಳಿಸುವುದುಂಟು. ಎತ್ತರ ಬದಲಿಸಬಹುದಾದ ಹಿಚ್‌ಗಳಲ್ಲಿ, ಬಾಲ್ ಎಷ್ಟನೇ ತೂತಿನಲ್ಲಿದೆ ಅನ್ನುವುದರ ಮೇಲೂ ಮಿತಿ ಬದಲಾಗಬಹುದು. ಜಾಹೀರಾತಿನ ದೊಡ್ಡ ಅಂಕಿ ಬಿಡಿ, ನೀವು ಬಳಸುವ ಡ್ರಾಪ್‌ಗೆ ಮಿತಿ ಎಷ್ಟು ಅಂತ ಹಿಚ್ ಮೇಲಿನ ಮುದ್ರೆಯಲ್ಲೋ ಜೊತೆಗೆ ಬಂದ ಕಾಗದದಲ್ಲೋ ನೋಡಿ. ಅಲ್ಲಿ ಎರಡು ಅಂಕಿ ಇರುತ್ತವೆ. ಒಂದು ಟ್ರೈಲರ್‌ನ ಒಟ್ಟು ತೂಕಕ್ಕೆ, ಇನ್ನೊಂದು ಟಂಗ್ ವೆಯ್ಟ್‌ಗೆ. ಜನ ಮೊದಲನೆಯದನ್ನು ನೋಡಿ ಎರಡನೆಯದನ್ನು ಮರೆಯುತ್ತಾರೆ.

ಸರಪಳಿಯ ಬಲ ಅದರ ಸೋತ ಕೊಂಡಿಯಷ್ಟೇ. ಗಾಡಿ, ರಿಸೀವರ್, ಬಾಲ್ ಮೌಂಟ್, ಬಾಲ್, ಕಪ್ಲರ್, ಐದರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ನಿಮ್ಮ ಮಿತಿ. ಅದರಲ್ಲೂ ಗಾಡಿಯ ಬಗ್ಗೆ ಒಂದು ಮಾತು. ಕೈಪಿಡಿಯಲ್ಲಿ ಬರೆದಿರುವ ಎಳೆಯುವ ಮಿತಿ ಕಾರ್ಖಾನೆಯಿಂದ ಬಂದ ಎತ್ತರಕ್ಕೆ, ಆ ಟೈರಿಗೆ ಕೊಟ್ಟದ್ದು. ಲಿಫ್ಟ್ ಆದ ಮೇಲೂ ಅದೇ ಇರುತ್ತದೆ ಅಂದುಕೊಳ್ಳಬೇಡಿ. 31ರಿಂದ 33 ಇಂಚು ಟೈರಿಗೆ ಹೋದರೆ ಚಕ್ರ ಒಂದು ಸುತ್ತಿಗೆ ನೂರಕ್ಕೆ ಆರರಷ್ಟು ಜಾಸ್ತಿ ದೂರ ಹೋಗುತ್ತದೆ. ಅಷ್ಟರಮಟ್ಟಿಗೆ ಎಳೆತ ಕಡಿಮೆ, ಬ್ರೇಕ್‌ಗೂ ಅಷ್ಟು ಜಾಸ್ತಿ ಕೆಲಸ. ಗಾಡಿಯ ತೂಕವೂ ಎತ್ತರಕ್ಕೆ ಹೋಗಿದೆ, ತಿರುವಿನಲ್ಲಿ ವಾಲುವುದು ಜಾಸ್ತಿ.

ತಪ್ಪಿಸಬೇಕಾದ ಅಡ್ಡದಾರಿ ಒಂದಿದೆ. 4 ಇಂಚು ಡ್ರಾಪ್ ಮನೆಯಲ್ಲಿದೆ, 8 ಬೇಕು, ನಡುವೆ ಇನ್ನೊಂದು ಡ್ರಾಪ್ ಅಡಾಪ್ಟರ್ ಸಿಕ್ಕಿಸಿ ಎರಡನ್ನೂ ಸೇರಿಸಿದರಾಯಿತು ಅನ್ನುವುದು. ಹೀಗೆ ಸೇರಿಸಿದಾಗ ಬಾಲು ಕೆಳಗೂ ಹೋಗುತ್ತದೆ, ಹಿಂದಕ್ಕೂ ಹೋಗುತ್ತದೆ, ಜೊತೆಗೆ ಎರಡು ಕಡೆ ಸಡಿಲ. ರಿಸೀವರ್ ಅನ್ನು ಉದ್ದ ಮಾಡುವ ತುಂಡುಗಳಿಗೆ ಮಿತಿಯನ್ನು ಅರ್ಧಕ್ಕೆ ಇಳಿಸಿ ಅಂತ ತಯಾರಕರೇ ಸಾಮಾನ್ಯವಾಗಿ ಹೇಳುತ್ತಾರೆ. 2.5 ಇಂಚು ರಿಸೀವರ್ ಇದ್ದವರು ಅದರ ಬಾಯಿ ಕಿರಿದು ಮಾಡುವ ಒಳಕೊಳವೆ (ಸ್ಲೀವ್) ಹಾಕಿ 2 ಇಂಚು ಶ್ಯಾಂಕ್ ಬಳಸುವ ಬದಲು ನೇರವಾಗಿ 2.5 ಇಂಚು ಶ್ಯಾಂಕ್ ತೆಗೆದುಕೊಳ್ಳುವುದು ಲೇಸು. ಆಳದ ಡ್ರಾಪ್‌ಗೆ ದಪ್ಪ ಶ್ಯಾಂಕ್ ನಿಜಕ್ಕೂ ನೆರವಾಗುತ್ತದೆ.

ಟ್ರೈಲರನ್ನೇ ಎತ್ತಬಹುದಲ್ಲ?

ಬಹುದು. ಕೆಲವು ಟ್ರೈಲರ್‌ಗಳ ಮೂತಿಯಲ್ಲಿ ಸಾಲಾಗಿ ತೂತುಗಳಿರುವ ಪಟ್ಟಿ ಇರುತ್ತದೆ, ಕಪ್ಲರ್ ಬಿಚ್ಚಿ ಮೇಲಿನ ತೂತಿಗೆ ಬೋಲ್ಟ್ ಮಾಡಿದರಾಯಿತು. ಇದು ಎಲ್ಲಕ್ಕಿಂತ ಸುಲಭ, ನಿಮ್ಮ ಟ್ರೈಲರ್‌ನಲ್ಲಿ ಇದ್ದರೆ ಮೊದಲು ಇದನ್ನೇ ನೋಡಿ. ಆದರೆ ಹೀಗೆ ಮಾಡಿದಾಗ ಹಾರೆ ಮಾಯವಾಗುವುದಿಲ್ಲ, ಅದರ ಒಂದಿಷ್ಟು ಪಾಲು ಟ್ರೈಲರ್ ಮೂತಿಗೆ ವರ್ಗವಾಗುತ್ತದೆ ಅಷ್ಟೆ. ಅದನ್ನು ತಡೆದುಕೊಳ್ಳಲು ಆ ಪಟ್ಟಿಯ ಬೆಸುಗೆ ಗಟ್ಟಿಯಿರಬೇಕು.

ಲೀಫ್ ಸ್ಪ್ರಿಂಗ್ ಟ್ರೈಲರ್‌ನಲ್ಲಿ ಆಕ್ಸಲ್ ಸ್ಪ್ರಿಂಗ್‌ನ ಮೇಲೆ ಕೂತಿದ್ದರೆ ಅದನ್ನು ಸ್ಪ್ರಿಂಗ್‌ನ ಕೆಳಕ್ಕೆ ತಂದು ಇಡೀ ಟ್ರೈಲರನ್ನು ಐದಾರು ಇಂಚು ಎತ್ತುವವರಿದ್ದಾರೆ. ಕಾಡುದಾರಿಯಲ್ಲಿ ಹೋಗುವವರಿಗೆ ಇದು ಹಿಡಿಸುತ್ತದೆ, ನೆಲದಿಂದ ಜಾಗವೂ ಸಿಗುತ್ತದೆ. ಎತ್ತರದ ಪೆಟ್ಟಿಗೆಯಂಥ ಟ್ರೈಲರ್‌ಗೆ ನಾನಂತೂ ಮಾಡಿಸುವುದಿಲ್ಲ. ಗಾಳಿಗೆ ಓಲಾಡುವ ವಸ್ತುವನ್ನು ಇನ್ನೂ ಎತ್ತರಕ್ಕೆ ಏರಿಸಿದ ಹಾಗಾಗುತ್ತದೆ.

ಗಾಡಿಯ ಹಿಂಭಾಗ ತೀರಾ ಕೂತರೆ ಗಾಳಿ ತುಂಬುವ ಸ್ಪ್ರಿಂಗ್ ಹಾಕಿಸಿ ಅಂತ ಸಲಹೆ ಬರುತ್ತದೆ. ಅದು ಎತ್ತರವನ್ನು ವಾಪಸ್ ತರುತ್ತದೆ. ಮುಂದಿನ ಚಕ್ರಗಳು ಕಳೆದುಕೊಂಡ ಭಾರವನ್ನು ತರುವುದಿಲ್ಲ. ಸ್ಟಿಯರಿಂಗ್ ಹಗುರಾಗಿದೆ ಅನ್ನಿಸಿದರೆ ಅದಕ್ಕೆ ಬೇಕಾದದ್ದು ಭಾರವನ್ನು ಸರಳುಗಳ ಮೂಲಕ ಮುಂದಕ್ಕೆ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್. ಎತ್ತರಿಸಿದ ಗಾಡಿಗೆ ಅದರ ಶ್ಯಾಂಕ್ ಕೂಡ ಉದ್ದವಾದದ್ದೇ ಬೇಕು, ಬೇರೆಯಾಗಿ ಕೊಳ್ಳಬೇಕಾಗಬಹುದು. ಇದನ್ನು ಕೂರಿಸುವಾಗ ಬಾಲನ್ನು ಮಟ್ಟಕ್ಕಿಂತ ಒಂಚೂರು ಮೇಲಿಟ್ಟು ಶುರು ಮಾಡುತ್ತಾರೆ, ಭಾರ ಬಿದ್ದಾಗ ಮಟ್ಟಕ್ಕೆ ಇಳಿಯಲಿ ಅಂತ.

ಅಂದಹಾಗೆ, ಯುರೋಪಿನಲ್ಲಿ ಈ ಗೊಂದಲವನ್ನು ನಿಯಮ ಮಾಡಿ ಬಗೆಹರಿಸಿಕೊಂಡಿದ್ದಾರೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 55ನೇ ನಿಯಮದ ಪ್ರಕಾರ, ಕಾರು ಪೂರ್ತಿ ಹೊರೆ ಹೊತ್ತಾಗ ಬಾಲಿನ ನಡುಭಾಗ ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು. ಇಂಚಿನಲ್ಲಿ ಸುಮಾರು 13.8ರಿಂದ 16.5. ಆಫ್‌ರೋಡ್ ವರ್ಗದ ಗಾಡಿಗಳಿಗೆ ಇದರಿಂದ ವಿನಾಯಿತಿ ಇದೆ. ಅಲ್ಲಿಯ ಟ್ರೈಲರ್‌ಗಳು ಆ ಎತ್ತರದ ಆಸುಪಾಸಿಗೆ ತಯಾರಾಗುವುದರಿಂದ ಎತ್ತರಿಸಿದ ಗಾಡಿಗೆ ಅವನ್ನು ಕಟ್ಟುವಾಗಲೂ ಆಳದ ಡ್ರಾಪ್ ಬೇಕಾಗುತ್ತದೆ. ಅಲ್ಲಿಯ ಬಾಲ್ 50 ಮಿ.ಮೀ., ಅಮೆರಿಕದ 2 ಇಂಚು ಬಾಲ್ 50.8 ಮಿ.ಮೀ. ಕಣ್ಣಿಗೆ ಒಂದೇ ಥರ ಕಂಡರೂ ಒಂದರ ಕಪ್ಲರ್‌ಗೆ ಇನ್ನೊಂದರ ಬಾಲ್ ಹಾಕಬೇಡಿ.

ಸಿಕ್ಕಿಸಿದ ಮೇಲೆ

ಟ್ರೈಲರ್ ಕಟ್ಟಿ, ಎಲ್ಲ ಹೊರೆ ಇಟ್ಟು, ಮತ್ತೊಮ್ಮೆ ಚೌಕಟ್ಟಿನ ಮುಂದೆ ಹಿಂದೆ ಟೇಪು ಹಿಡಿಯಿರಿ. ಮುಂಭಾಗ ಒಂದು ಇಂಚಿನೊಳಗೆ ತಗ್ಗಿದ್ದರೆ ಹೊರಡಬಹುದು. ಆಮೇಲೆ ಸರಪಳಿ ನೋಡಿ. ಹಳೆಯ 2 ಇಂಚು ಡ್ರಾಪ್‌ಗೆ ಸರಿಯಿದ್ದ ಸುರಕ್ಷತಾ ಸರಪಳಿ ಎತ್ತರಿಸಿದ ಚಾಸಿಯ ಕೊಂಡಿಗೆ ಎಟುಕದೇ ಹೋಗಬಹುದು, ಎಟುಕಿದರೂ ಪೂರ್ತಿ ತಿರುವಿನಲ್ಲಿ ಬಿಗಿದುಕೊಳ್ಳಬಹುದು. ಕಪ್ಲರ್‌ನ ಕೆಳಗೆ ಕತ್ತರಿಯಾಗಿ ಹಾಯಿಸಿ, ನೆಲಕ್ಕೆ ತಾಗದ ಹಾಗೆ, ತಿರುಗಲು ಸಡಿಲ ಉಳಿಯುವ ಹಾಗೆ ಇರಬೇಕು. ಟ್ರೈಲರ್ ಕಳಚಿದರೆ ಬ್ರೇಕ್ ಹಾಕುವ ತಂತಿಯನ್ನು ಬಾಲ್ ಮೌಂಟ್‌ಗೆ ಕಟ್ಟಬೇಡಿ, ಗಾಡಿಗೇ ಕಟ್ಟಿ. ಬಾಲ್ ಮೌಂಟೇ ಕಿತ್ತು ಬಂದರೆ ಆ ತಂತಿ ಅದರ ಜೊತೆಗೇ ಹೋಗುತ್ತದೆ.

ಖಾಲಿ ಓಡಾಡುವಾಗ ಆಳದ ಡ್ರಾಪನ್ನು ಬಿಚ್ಚಿ ಒಳಗಿಡಿ. ನೆಲದಿಂದ ಜಾಗ ಸಿಗಲಿ ಅಂತ ತಾನೇ ಲಿಫ್ಟ್ ಮಾಡಿಸಿದ್ದು? ಎಲ್ಲಕ್ಕಿಂತ ಹಿಂದೆ, ಎಲ್ಲಕ್ಕಿಂತ ಕೆಳಗೆ ಒಂದು ಕಬ್ಬಿಣದ ತುಂಡು ನೇತುಹಾಕಿಕೊಂಡು ಬಂಡೆ ಇಳಿದರೆ ಮೊದಲು ತಾಗುವುದು ಅದೇ. ಅದಕ್ಕೂ ಮೊದಲು ನಿಮ್ಮ ಮೊಣಕಾಲಿನ ಕೆಳಗಿನ ಎಲುಬಿಗೆ ತಾಗಿರುತ್ತದೆ, ಕತ್ತಲಲ್ಲಿ.

ನನ್ನ 8 ಇಂಚಿನ ಹಿಚ್ ಈಗ ಮೂಲೆಯಲ್ಲಿ ಬಾಗಿಲು ಬಡಿಯದಂತೆ ತಡೆಯುವ ಕೆಲಸದಲ್ಲಿದೆ. ಟ್ರೈಲರ್ ಮೂತಿಯ ಒಳಬದಿಯಲ್ಲಿ ಅಳಿಸದ ಮಾರ್ಕರ್‌ನಿಂದ 17.5 ಅಂತ ಬರೆದಿಟ್ಟಿದ್ದೇನೆ. ಪಕ್ಕದಲ್ಲೇ ಟಂಗ್ ವೆಯ್ಟ್. ಟೈರ್ ಬದಲಾಗಲಿ, ಸ್ಪ್ರಿಂಗ್ ಬದಲಾಗಲಿ, ಗಾಡಿಯೇ ಬದಲಾಗಲಿ, ಇನ್ನು ಮುಂದೆ ಅಳೆಯಬೇಕಾದದ್ದು ಒಂದು ಕಡೆ ಮಾತ್ರ.